ಹಾಜರಿ ಗುಂಡಿ

ಕಡಾಯಿಯನ್ನು ತಾನಾಗಿ ನಡೆಸುವ ಕಂಟ್ರೋಲರಿಗಿಂತ ಅದನ್ನು ಕೂರಿಸುವ ತಗಡಿನ ಪೆಟ್ಟಿಗೆಗೆ ಹೆಚ್ಚು ದುಡ್ಡು ಬಿದ್ದಿತ್ತು. ಪೆಟ್ಟಿಗೆಗಿಂತ ತಂತಿಗೆ ಹೆಚ್ಚು. ತಂತಿಗಿಂತ ಹಬೆಯ ಕೊಳವೆಗೆ ಹಾಕಿದ ಕರೆಂಟಿನ ವಾಲ್ವಿಗೆ. ಇದನ್ನೆಲ್ಲ ಅವನು ಕಾರ್ಖಾನೆಯ ಯಜಮಾನಿಗೆ ಬರೆದುಕೊಟ್ಟಾಗ ಕೊನೆಯ ಸಾಲಿನಲ್ಲಿ ಅವನ ಕೂಲಿ ಬಂತು. ಅದು ಎಲ್ಲಕ್ಕಿಂತ ಅಗ್ಗವಾಗಿತ್ತು. ಆಕೆ ಮಿಕ್ಕ ಎಲ್ಲ ಸಾಲಿಗೂ ಚೌಕಾಸಿ ಮಾಡಿದಳು. ಆ ಸಾಲಿಗೆ ಮಾತ್ರ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನಿಸಿತು.

ಈಗ ಸ್ಕ್ರೂಡ್ರೈವರನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ತಂತಿಯ ತುದಿ ಸುಲಿಯುತ್ತಿದ್ದ. ಸಾಬೂನು ಕಾರ್ಖಾನೆಯ ನೆಲ ಎಲ್ಲಿ ಕಾಲಿಟ್ಟರೂ ಜಾರುತ್ತಿತ್ತು. ಗಾಳಿಯಲ್ಲಿ ಕಾಸಿದ ಎಣ್ಣೆಯ ವಾಸನೆ, ಅದರ ಮೇಲೆ ಯಾವುದೋ ಹೂವಿನದೆಂದು ನಂಬಿಸಲು ಹೊರಟ ಇನ್ನೊಂದು ವಾಸನೆ. ಎದುರಿಗೆ ಆಳೆತ್ತರದ ಕಡಾಯಿ. ಅದರ ಹೊಟ್ಟೆಯಲ್ಲಿ ಕಲಕುವ ಕಬ್ಬಿಣದ ಕೈಗಳು, ಬದಿಯಲ್ಲಿ ಹತ್ತಿ ಇಣುಕಲು ಮೆಟ್ಟಿಲು.

"ಸ್ವಲ್ಪ ಜರುಗ್ರಿ ಇಂಜಿನಿಯರ್ರೇ," ಎಂದ ಮಾವ.

ಮಾವ ಎಂದರೆ ಯಜಮಾನಿಯ ತಾಯಿಯ ತಮ್ಮ, ಕಡಾಯಿ ನೋಡಿಕೊಳ್ಳುವವನು. ಯಜಮಾನಿ ಮಾವ ಎನ್ನುತ್ತಾಳೆಂದು ಕಾರ್ಖಾನೆಯೆಲ್ಲ ಮಾವ ಎನ್ನುತ್ತಿತ್ತು; ಮಾಲು ಒಯ್ಯುವ ವ್ಯಾನಿನ ಡ್ರೈವರು ಕೂಡ. ಲ್ಯಾಪ್‌ಟಾಪ್ ಇಟ್ಟ ಮೇಜನ್ನು ಮಾವ ಒಮ್ಮೆ ಅಲ್ಲಾಡಿಸಿ ನೋಡಿದ. ಕುಂಟುತ್ತಿತ್ತು. ಜೇಬಿನಿಂದ ಸಾಬೂನಿನ ಚೂರೊಂದನ್ನು ತೆಗೆದು, ಅಂಗೈಯಲ್ಲಿ ಹಿಸುಕಿ ಮೆತ್ತಗೆ ಮಾಡಿ ಮೇಜಿನ ಕಾಲಿನಡಿ ತುರುಕಿದ. ಮೇಜು ನಿಂತಿತು.

ಇಲ್ಲಿ ಅಲುಗಾಡುವುದೆಲ್ಲ ಹೀಗೇ ನಿಲ್ಲುತ್ತಿತ್ತು. ಗಲಗಲ ಎನ್ನುವ ಕಿಟಕಿಯ ಗಾಜಿಗೆ ಸಾಬೂನು, ತಾನಾಗಿ ತೆರೆದುಕೊಳ್ಳುವ ಬಾಗಿಲಿಗೆ ಸಾಬೂನು, ಗೋಡೆಯ ಗಡಿಯಾರ ಓರೆಯಾಗದಂತೆ ಅದರ ಬೆನ್ನಿಗೂ ಸಾಬೂನು.

"ಮೊಳೆಗಿಂತ ಅಗ್ಗ," ಎಂದ ಮಾವ. "ಕೈಯೂ ಶುದ್ಧ ಆಗುತ್ತೆ."

"ಹೂಂ," ಎಂದ ಅವನು.

ಜೇಬಿನಲ್ಲಿ ಫೋನು ನಡುಗಿತು. ಹೆಂಡತಿ.

"ಕೆಲಸದಲ್ಲಿದ್ದೀಯಾ?"

"ಹೂಂ."

"ಸಂಜೆ ಆಫೀಸು ಮುಚ್ಚೋದ್ರೊಳಗೆ ನಾನು ವರ್ಗ ಒಪ್ಕೊಂಡೆ ಅಂತಲೋ ಇಲ್ಲ ಅಂತಲೋ ಬರೆದು ಕೊಡ್ಬೇಕು. ಇವತ್ತೇ ಕೊನೆ."

"ಗೊತ್ತು."

"ನೀನು ಬರ್ತೀಯಾ?"

"ಹೂಂ."

"ಹೂಂ ಅಂದ್ರೆ?"

"ಹೂಂ ಅಂದ್ರೆ... ನೋಡೋಣ."

ಆ ಕಡೆ ಗಾಜಿನ ಬಾಟಲಿಗಳು ಒಂದಕ್ಕೊಂದು ತಾಗಿದ ಸದ್ದು. ಆಕೆ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿದ್ದಳು. ದೂರದ ಬಂದರಿನ ಊರಿನಲ್ಲಿ ಇನ್ನೊಂದನ್ನು ತೆರೆಯುತ್ತಿದ್ದರು. ಅದಕ್ಕೆ ಆಕೆಯೇ ಮುಖ್ಯಸ್ಥೆ. ಅದನ್ನು ಹೇಳಿದ ದಿನ ಆಕೆಯ ಮುಖ ಕಾಲೇಜಿನ ದಿನಗಳಂತೆ ಅರಳಿತ್ತು. ಆಗಲೂ ಅವನು ಹೂಂ ಎಂದಿದ್ದ.

"ಕೇಳು," ಎಂದಳು ಆಕೆ. "ಬಾ ಅಂತ ನಿನ್ನ ಕಾಲು ಹಿಡಿಯಲ್ಲ. ಬರಲ್ಲ ಅಂದ್ರೆ ಒಬ್ಬಳೇ ಹೋಗ್ತೀನಿ, ರಜೆಗೆ ಬರ್ತೀನಿ, ಅಷ್ಟು ಧೈರ್ಯ ಇದೆ ನಂಗೆ. ಆದ್ರೆ ನೀನು ಇದ್ದೀಯೋ ಇಲ್ವೋ ಅಂತಾನೇ ಗೊತ್ತಿಲ್ದೆ ಹೋಗೋಕಾಗಲ್ಲ. ಇದೇ ಹೂಂ ಕೇಳ್ಬೇಕಾದ್ರೆ ಬೇಡ ಅಂತ ಬರೆದು ಕೊಟ್ಬಿಡ್ತೀನಿ. ಇಲ್ಲೇ ಇದ್ಕೊಂಡು ಕೇಳ್ತೀನಿ."

"ಸಂಜೆ ಫೋನ್ ಮಾಡ್ತೀನಿ."

"ಮಾಡ್ತೀಯಾ?"

"ಹೂಂ."

ಆಕೆ ನಕ್ಕಳು. ಅದರಲ್ಲಿ ನಗು ಇರಲಿಲ್ಲ.

ಅವನು ಮತ್ತೆ ತಂತಿಗೆ ಕೈ ಹಾಕಿದ. ಹೋಗದಿರಲು ಕಾರಣವಿರಲಿಲ್ಲ, ಈ ಕೆಲಸವನ್ನು ಯಾವ ಊರಿನಲ್ಲಾದರೂ ಮಾಡಬಹುದಿತ್ತು. ಹೋಗಲೂ ಕಾರಣ ಸಿಗುತ್ತಿರಲಿಲ್ಲ. ಬಾಗಿಲ ಮುಂದೆ ನಿಂತು ಬೀಗದ ಕೈಗಾಗಿ ಒಂದೊಂದೇ ಜೇಬು ತಡಕುವವನಂತೆ ಅವನು ಕೆಲವು ವಾರಗಳಿಂದ ತನ್ನೊಳಗೆ ತಡಕಿದ್ದ. ಬೇಕು ಎಂಬುದೂ ಇಲ್ಲ, ಬೇಡ ಎಂಬುದೂ ಇಲ್ಲ. ಜೇಬುಗಳು ಮಾತ್ರ ಇದ್ದವು.

ಹಿಂದೆ ದೊಡ್ಡ ಕಂಪನಿಯಲ್ಲಿದ್ದ. ಅಲ್ಲಿ ವರ್ಷಗಟ್ಟಲೆ ಒಂದೇ ಪ್ರೋಗ್ರಾಮಿನ ಒಂದೇ ತುಂಡನ್ನು ತಿದ್ದುತ್ತ ಕುಳಿತಿದ್ದ. ಅದು ಯಾವ ಯಂತ್ರದೊಳಗೆ ಹೋಗಿ ಕೂರುತ್ತದೆಂದು ಒಮ್ಮೆ ಕೇಳಿದಾಗ ಮೇಲಿನವನು, "ಗೊತ್ತಾದ್ರೆ ನಂಗೂ ಹೇಳಪ್ಪ," ಎಂದಿದ್ದ. ಕಂಪನಿ ಅವನನ್ನು ಮನೆಗೆ ಕಳಿಸಿದ ದಿನ ಅವನಿಗೆ ಏನೂ ಅನಿಸಲಿಲ್ಲ. ಏನೂ ಅನಿಸಲಿಲ್ಲವಲ್ಲ ಎಂದು ಮಾತ್ರ ಸ್ವಲ್ಪ ಹೆದರಿಕೆಯಾಗಿತ್ತು.

"ಏನ್ರೀ, ಪೆಟ್ಟಿಗೆ ಏನಂತೆ?" ಯಜಮಾನಿ ಬಂದಳು. ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈಗಳ ಗೊಂಚಲು, ಕಣ್ಣಿನ ಮೇಲೆ ಇನ್ನೊಂದು ಕಣ್ಣಿನಂತೆ ಹಣೆಗೇರಿಸಿದ ಕನ್ನಡಕ. ಗಂಡ ಸತ್ತ ಮೇಲೆ ಕಾರ್ಖಾನೆ ಮಾರಿಬಿಡು ಎಂದವರಿಗೆಲ್ಲ ತಲಾ ಒಂದು ಸಾಬೂನು ಕೊಟ್ಟು ಕಳಿಸಿದವಳು ಎಂದು ಮಾವ ಹೇಳಿದ್ದ.

"ಆಯ್ತು ಮೇಡಂ. ಪ್ರೋಗ್ರಾಂ ಇಳಿಸ್ತಾ ಇದ್ದೀನಿ."

"ಇಳೀಲಿ, ಇಳೀಲಿ. ಹಾಜರಿ ಗುಂಡಿ ಮರೀಬೇಡಿ."

ಹಾಜರಿ ಗುಂಡಿ ಆಕೆಯೇ ಇಟ್ಟ ಹೆಸರು. ಎಣ್ಣೆಗೆ ಕಾಸ್ಟಿಕ್ ಸೋಡಾ ಬಿದ್ದು ಕುದಿಯುವಾಗ ಕೆಲವೊಮ್ಮೆ ಕಡಾಯಿಗೆ ಸಿಟ್ಟು ಬರುತ್ತದೆ. ನೊರೆ ಏರಿ ಅಂಚು ದಾಟುತ್ತದೆ. ಹೋದ ವರ್ಷ ಹಾಗೆ ಉಕ್ಕಿ ಒಬ್ಬನ ಕಾಲು ಬೆಂದಿತ್ತು. ಕಡಾಯಿಯ ಹತ್ತಿರ ಆಗ ನೋಡಿಕೊಳ್ಳಲು ಯಾರೂ ಇರಲಿಲ್ಲ. ಕಡಾಯಿಯೊಳಗೆ ಇಳಿಬಿಟ್ಟ ಕಡ್ಡಿ ಶಾಖವನ್ನು ಅಳೆಯುತ್ತದೆ, ನೊರೆಯನ್ನು ಕಾಣುವುದಿಲ್ಲ. ಅದಕ್ಕೆ ಕಣ್ಣು ಬೇಕು. ಕಂಡ ಕೂಡಲೇ ಒಂದು ಬಕೆಟ್ ತಣ್ಣೀರು ಚಿಮುಕಿಸಿದರೆ ಸಾಕು, ಹಾಲಿನಂತೆ ಇಳಿದುಬಿಡುತ್ತದೆ.

ಆದ್ದರಿಂದ ಅವನು ಹೀಗೆ ಬರೆದಿದ್ದ: ಆಗಾಗ ಪೆಟ್ಟಿಗೆಯ ಮೇಲೆ ಹಳದಿ ದೀಪ ಹೊತ್ತುತ್ತದೆ. ಕಡಾಯಿಯವನು ಗುಂಡಿ ಒತ್ತಿ ತಾನಿದ್ದೇನೆಂದು ತಿಳಿಸಬೇಕು. ಒತ್ತದೆ ಹೋದರೆ ಕಂಟ್ರೋಲರು ಎಣಿಸುತ್ತ ಹೋಗುತ್ತದೆ. ಎಣಿಕೆ ಮುಗಿದರೆ ಹಬೆಯ ವಾಲ್ವು ಮುಚ್ಚುತ್ತದೆ. ಗುಂಡಿ ಒತ್ತಿದ್ದರೆ ಎಣಿಕೆ ಸೊನ್ನೆಗೆ ಬರುತ್ತದೆ.

ಪ್ರೋಗ್ರಾಂ ಇಳಿಯಿತು. ಕಂಟ್ರೋಲರಿನ ಮೂಲೆಯ ಪುಟ್ಟ ಸ್ವಿಚ್ಚನ್ನು ಉಗುರಿನಿಂದ ಮೇಲೆ ತಳ್ಳಿದ. ಕೆಂಪು ಚುಕ್ಕಿ ಹಸಿರಾಯಿತು. ಕಲಕುವ ಕೈಗಳು ಒಮ್ಮೆ ಬೆಚ್ಚಿ ತಿರುಗತೊಡಗಿದವು. ಹಳದಿ ದೀಪ ಹೊತ್ತಿತು. ಮಾವ ಅಂಗಿಗೆ ಕೈ ಒರೆಸಿಕೊಂಡು, ದೇವರಿಗೆ ಹೂ ಇಡುವವನ ಗಾಂಭೀರ್ಯದಲ್ಲಿ ಗುಂಡಿ ಒತ್ತಿದ. ದೀಪ ಆರಿತು. ಇನ್ನೊಂದು ಸಲ ಬೇಕೆಂದೇ ಒತ್ತಲಿಲ್ಲ. ಸ್ವಲ್ಪ ಹೊತ್ತಿಗೆ ವಾಲ್ವು ಟಕ್ ಎಂದು ಮುಚ್ಚಿ ಹಬೆಯ ಸುಯ್ಲು ನಿಂತಿತು.

"ಪರವಾಗಿಲ್ವೇ!" ಎಂದಳು ಯಜಮಾನಿ. "ಮಾವ ಶಾಲೆಗೆ ಚಕ್ಕರ್ ಹೊಡೀತಿದ್ದ ಅಂತ ಅಮ್ಮ ಹೇಳೋಳು. ಈಗ ಸಿಕ್ಕಿಬಿದ್ದ."

"ಆ ಮೇಷ್ಟ್ರಿಗೇ ಸಿಗಲಿಲ್ಲ ನಾನು," ಎಂದ ಮಾವ.

ಎಲ್ಲರೂ ನಕ್ಕರು. ಅವನೂ ಒಂದು ಕ್ಷಣ ತಡವಾಗಿ ನಕ್ಕ.

ಊಟವಾದ ಮೇಲೆ ಮೊದಲ ಕಡಾಯಿಯನ್ನು ನಿಜವಾಗಿ ಏರಿಸಿದರು. ಅವನು ಯಜಮಾನಿಯ ಆಫೀಸು ಕೋಣೆಗೆ ಲ್ಯಾಪ್‌ಟಾಪ್ ಒಯ್ದು, ಉದ್ದ ಕೇಬಲ್ ಎಳೆದು, ಅಲ್ಲಿಂದಲೇ ನೋಡುತ್ತ ಕುಳಿತ. ಅವನಿಗೆ ಯಂತ್ರಗಳನ್ನು ಹೀಗೆ ನೋಡುವುದೇ ಇಷ್ಟ. ತೆರೆಯ ಮೇಲೆ ಕಡಾಯಿ ಕೆಲವು ಅಂಕಿಗಳು, ವಾಸನೆಯಿಲ್ಲ, ಸದ್ದಿಲ್ಲ. ಶಾಖದ ಗೆರೆ ಹೇಳಿದಂತೆ ಕೇಳುತ್ತ ಏರಿ ಸಮನಾಯಿತು. ಹಾಜರಿ ಗುಂಡಿಯ ಗುರುತು ಹಸಿರಾಗಿತ್ತು. ಹಸಿರಾಗಿಯೇ ಇತ್ತು. ಎಣಿಕೆ ಸೊನ್ನೆ ಬಿಟ್ಟು ಅಲುಗಲಿಲ್ಲ.

ಎಂಥ ಶ್ರದ್ಧೆ, ಎಂದುಕೊಂಡ ಅವನು. ಇಟ್ಟ ಕೈ ತೆಗೆಯದೆ ನಿಂತಿದ್ದಾನೆ ಮುದುಕ.

ಫೋನು ನಡುಗಿತು. ಹೆಂಡತಿ ಕಳಿಸಿದ್ದು ಬರೀ ಒಂದು ಪ್ರಶ್ನೆಯ ಚಿಹ್ನೆ. ಅವನು ಸ್ವಲ್ಪ ಹೊತ್ತು ಅದನ್ನು ನೋಡಿ, ಹೆಬ್ಬೆರಳೆತ್ತಿದ ಚಿತ್ರವೊಂದನ್ನು ಕಳಿಸಿದ. ಏನೋ ಒಂದು ಉತ್ತರ ಕೊಟ್ಟಂತಾಯಿತು. ಸಮಾಧಾನದಿಂದ ಕುರ್ಚಿಗೊರಗಿದ.

ಆಗ ಒದ್ದೆ ಕಂಬಳಿಯನ್ನು ಮಾಳಿಗೆಯಿಂದ ಎಸೆದಂಥ ಸದ್ದು ಕೇಳಿಸಿತು.

ಓಡಿ ಬಂದು ನೋಡಿದರೆ ಕಡಾಯಿಗೆ ಬಿಳಿಯ ತಲೆ ಬಂದಿತ್ತು. ಉಸಿರಾಡುತ್ತ, ಉಬ್ಬುತ್ತ, ಅಂಚಿನಿಂದ ಆಚೆ ಬಾಗಿ ಸಾವಕಾಶವಾಗಿ ಇಳಿಯುತ್ತಿತ್ತು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಕಡಾಯಿಯ ಸುತ್ತ ಯಾರೂ ಇರಲಿಲ್ಲ. ಅವನು ಪೆಟ್ಟಿಗೆಯ ಮುಂದೆ ಹೋಗಿ ನಿಂತ. ಎಲ್ಲ ಸರಿಯಾಗಿತ್ತು. ಶಾಖ ಸರಿ. ವಾಲ್ವು ಸರಿ. ಹಾಜರಿ ಇದೆ. ಅವನು ಮತ್ತೊಮ್ಮೆ ಒಂದೊಂದಾಗಿ ನೋಡಿದ. ಪೆಟ್ಟಿಗೆಯ ಬದಿಯ ಕೆಂಪು ಗುಂಡಿ ಒತ್ತಿದ್ದರೆ ಎಲ್ಲವೂ ನಿಲ್ಲುತ್ತಿತ್ತು. ಅದು ಅವನ ಮೊಣಕೈಯ ಬಳಿಯೇ ಇತ್ತು. ಆದರೆ ಇಲ್ಲಿ ಯಾರೋ ಇದ್ದಾರೆಂದು ಪೆಟ್ಟಿಗೆ ಹೇಳುತ್ತಿತ್ತು, ಮತ್ತು ಆ ಯಾರೋ ಬಂದು ಏನಾದರೂ ಮಾಡುವರೆಂದು ಅವನು ಕಾಯುತ್ತ ನಿಂತ. ನೊರೆ ನೆಲಕ್ಕಿಳಿದು, ಹರಡಿ, ಅವನ ಶೂಗಳ ಸುತ್ತ ಬಂದು ಸೇರಿತು.

"ಕಾಲು! ಕಾಲು ಸುಡುತ್ತೆ ಕಣ್ರೀ!"

ಹಿಂದಿನ ಗೋದಾಮಿನ ಕಡೆಯಿಂದ ಮಾವ ಓಡಿ ಬಂದ. ಹೆಗಲ ಮೇಲಿದ್ದ ಕಾಸ್ಟಿಕ್ ಚೀಲವನ್ನು ಬಾಗಿಲಲ್ಲೇ ಇಳಿಸಿ, ಕೆಂಪು ಗುಂಡಿಗೆ ಮುಷ್ಟಿಯಿಂದ ಗುದ್ದಿ, ಅವನ ಅಂಗಿಯ ಕೊರಳು ಹಿಡಿದು ಹಿಂದಕ್ಕೆ ಎಳೆದ. ಬಕೆಟ್ ನೀರು ಎರಚಿದ. ಬಿಳಿಯ ತಲೆ ನಿಟ್ಟುಸಿರಿಟ್ಟು ಕುಸಿಯಿತು. ಅರ್ಧ ಕಡಾಯಿ ನೆಲದ ಮೇಲಿತ್ತು.

ಶೂಗಳ ಅಟ್ಟೆ ಮೆತ್ತಗಾಗಿ ಕಳಚಿಕೊಂಡಿತ್ತು. ಕಾಲಿಗೆ ಏನೂ ಆಗಿರಲಿಲ್ಲ.

ಅವನು ಬದಿಯಿಂದ ಪೆಟ್ಟಿಗೆಯತ್ತ ಬಗ್ಗಿ ನೋಡಿದ. ಹಾಜರಿ ಗುಂಡಿ ಒಳಕ್ಕೆ ಒತ್ತಿಕೊಂಡಿತ್ತು. ಗುಂಡಿಗೂ ಅದರ ಸುತ್ತಲಿನ ಬಳೆಗೂ ನಡುವೆ ಸಾಬೂನಿನ ಚೂರೊಂದನ್ನು ನೀಟಾಗಿ ತುರುಕಿತ್ತು. ಹೆಬ್ಬೆರಳಿನ ಗೆರೆಗಳೂ ಅದರ ಮೇಲೆ ಮೂಡಿದ್ದವು.

"ಇದೇನು?" ಎಂದ ಅವನು.

"ಸಾಬೂನು," ಎಂದ ಮಾವ.

"ಸಾಬೂನು ಅಂತ ಗೊತ್ತು. ಯಾಕೆ?"

"ಒತ್ತು ಒತ್ತು ಅಂತ ಪ್ರಾಣ ತಿನ್ತಿತ್ತು. ಒತ್ತೇ ಇರ್ಲಿ ಅಂತ ಇಟ್ಟೆ. ದೀಪ ತೆಪ್ಪಗಾಯ್ತು."

"ನೀವಿಲ್ಲಿ ಇರ್ಬೇಕಿತ್ತಲ್ಲ?"

"ಚೀಲ ಯಾರು ತರ್ತಾರೆ, ನಿಮ್ಮ ಪೆಟ್ಟಿಗೆ ತರುತ್ತಾ?"

ಯಜಮಾನಿ ಬಾಗಿಲಲ್ಲಿ ನಿಂತಿದ್ದಳು. ನೆಲವನ್ನು ನೋಡಿದಳು, ಅವನ ಶೂಗಳನ್ನು ನೋಡಿದಳು, ಚೂರು ಸಾಬೂನನ್ನು ಕೈಗೆ ತೆಗೆದುಕೊಂಡು ಮೂಸಿದಳು.

"ನಮ್ದೇ ಮಾಲು," ಎಂದಳು. ಆಮೇಲೆ ಅವನತ್ತ ತಿರುಗಿ, ಸಿಟ್ಟಿಲ್ಲದೆ, "ಅಲ್ರೀ, ಮನುಷ್ಯ ಯಾರು, ಸಾಬೂನು ಯಾವ್ದು ಅಂತ ಅದಕ್ಕೆ ಗೊತ್ತಾಗಲ್ವಾ?" ಎಂದಳು.

"ನಾನು ಹೇಳಿಕೊಟ್ಟಿರಲಿಲ್ಲ," ಎಂದ ಅವನು.

ಅದು ಆ ದಿನ ಅವನು ಆಡಿದ ಮೊದಲ ನೇರ ಮಾತು. ಆಡಿದ ಮೇಲೆ ಅವನಿಗೇ ಆಶ್ಚರ್ಯವಾಯಿತು.

"ಇವರ ಮೇಲೆ ಹಾಕ್ಬೇಡಿ," ಎಂದು ಮುಂದುವರಿಸಿದ. "ಕಡಾಯಿ ಹತ್ರ ಒಬ್ಬರು ಇರ್ತಾರೆ ಅಂತ ನೀವಂದ್ರಿ, ನಾನು ಬರ್ಕೊಂಡೆ. ಅವರು ಇನ್ನೇನು ಕೆಲಸ ಮಾಡ್ತಾರೆ ಅಂತ ಇವರನ್ನ ನಾನು ಕೇಳಲೇ ಇಲ್ಲ."

"ಈಗ ಕೇಳ್ರಿ," ಎಂದ ಮಾವ. ಮೆಟ್ಟಿಲ ಮೇಲೆ ಕುಳಿತ.

ಅವನು ಕೇಳಿದ. ಕಾಸ್ಟಿಕ್ ಹಿಂದಿನ ಗೋದಾಮಿನಲ್ಲಿ. ಅದನ್ನು ತರುವವನು ಮಾವನೇ. ನಡುವೆ ವ್ಯಾನು ಬಂದರೆ ಸಾಬೂನಿನ ಪೆಟ್ಟಿಗೆ ಏರಿಸಲು ಕೂಗು ಬೀಳುವುದೂ ಮಾವನಿಗೇ. ಬೀಡಿ ಬೇರೆ. ಬೀಡಿಯ ವಿಷಯವನ್ನು ಯಜಮಾನಿ ಕೆಮ್ಮಿದ ಮೇಲೆ ಮಾವ ಸೇರಿಸಿದ.

"ವ್ಯಾನಿಗೆ ಬೇರೆಯವರನ್ನ ಕರೀತೀನಿ," ಎಂದಳು ಯಜಮಾನಿ. "ಬೀಡಿಗೆ ಬೇರೆಯವರನ್ನ ಕರೆಯೋಕಾಗಲ್ಲ."

"ಗೋದಾಮಿನಲ್ಲಿ ಒಂದು ಗಂಟೆ ಹಾಕ್ತೀನಿ," ಎಂದ ಅವನು. "ದೀಪ ಹೊತ್ತಿದ್ರೆ ಅಲ್ಲಿ ಬಾರಿಸುತ್ತೆ. ನೀವು ಬಂದು, ಕಡಾಯಿ ನೋಡಿ, ಒತ್ತಿ ಹೋಗಿ."

"ಗಂಟೆಗೆ ಬೇರೆ ದುಡ್ಡಾ?"

"ಇಲ್ಲ ಮೇಡಂ. ಅದು ನನ್ನ ತಪ್ಪಿಂದು."

"ಹಾಗಾದ್ರೆ ದೊಡ್ಡದೇ ಹಾಕಿ," ಎಂದು ಆಕೆ ನೆಲ ಕೆರೆಯಲು ಜನರನ್ನು ಕೂಗುತ್ತ ಹೊರಟಳು.

ಅವನು ಈ ಸಲ ಲ್ಯಾಪ್‌ಟಾಪನ್ನು ಕಡಾಯಿಯ ಪಕ್ಕದ ಮೇಜಿನ ಮೇಲೇ ಇಟ್ಟುಕೊಂಡ. ತಿದ್ದಬೇಕಾಗಿದ್ದು ಒಂದೇ ಸಾಲು. ಗುಂಡಿ ಒತ್ತಿದೆಯೇ ಎಂದು ಕೇಳಬಾರದು. ಬಿಟ್ಟಿದ್ದ ಗುಂಡಿಯನ್ನು ಈಗ ಯಾರಾದರೂ ಒತ್ತಿದರೇ ಎಂದು ಕೇಳಬೇಕು. ಬಿಡುವುದು, ಒತ್ತುವುದು, ಮತ್ತೆ ಬಿಡುವುದು. ಇಷ್ಟು ನಡೆದರೆ ಮಾತ್ರ ಅಲ್ಲೊಬ್ಬ ಮನುಷ್ಯ ಇದ್ದಾನೆ. ಒತ್ತಿಯೇ ಇದ್ದರೆ ಯಾರೂ ಇಲ್ಲ.

ಅವನ ಬೆರಳು ಕೀಲಿಯ ಮೇಲೆ ನಿಂತಿತು.

ದೊಡ್ಡ ಆಘಾತವೇನೂ ಆಗಲಿಲ್ಲ. ಬಹಳ ಹೊತ್ತಿನಿಂದ ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದ ನಾರು ನಾಲಗೆಗೆ ತಾಗಿದಂತಾಯಿತು, ಅಷ್ಟೆ. ಬೆಳಗ್ಗೆ ಹಲ್ಲುಜ್ಜುತ್ತ ಹೆಂಡತಿ ಏನೋ ಕೇಳುತ್ತಾಳೆ: ಹೂಂ. ಬಸ್ಸಿಗೆ ಓಡುತ್ತ ಏನೋ ಹೇಳುತ್ತಾಳೆ: ಹೂಂ. ರಾತ್ರಿ ದೀಪ ಆರಿಸುವ ಮೊದಲು: ಹೂಂ. ಯಾವ ಹೂಂಗೂ ಮೊದಲೂ ಇಲ್ಲ, ಕೊನೆಯೂ ಇಲ್ಲ. ಆಕೆಯ ದೀಪ ತೆಪ್ಪಗಾಗುತ್ತಿತ್ತು. ಅವನು ಬೇರೆಲ್ಲೋ ಇರುತ್ತಿದ್ದ. ಬೇರೆಲ್ಲಿ ಎಂದು ಕೇಳಿದ್ದರೆ ಹೇಳಲು ಅವನಿಗೆ ಮಾವನ ಹಾಗೆ ಒಂದು ಚೀಲವೂ ಇರಲಿಲ್ಲ.

ಸಾಲು ತಿದ್ದಿದ. ಇಳಿಸಿದ. ಮಾವನ ಕೈಗೇ ಒಂದು ಚೂರು ಸಾಬೂನು ಕೊಟ್ಟು, "ಮೋಸ ಮಾಡಿ ನೋಡಿ," ಎಂದ. ಮಾವ ಬಹಳ ಖುಷಿಯಿಂದ ಮೋಸ ಮಾಡಿದ. ಗುಂಡಿ ಒತ್ತಿಕೊಂಡೇ ಇತ್ತು. ಕಂಟ್ರೋಲರು ಎಣಿಸುತ್ತ ಹೋಗಿ ವಾಲ್ವು ಮುಚ್ಚಿತು.

"ಕಳ್ಳ ನನ್ಮಗಂದು," ಎಂದ ಮಾವ ಮೆಚ್ಚಿಕೊಂಡು. "ಕಲ್ತುಬಿಡ್ತು."

ಕಿಟಕಿಯಾಚೆ ಬಿಸಿಲು ಓರೆಯಾಗಿತ್ತು. ಆಫೀಸುಗಳು ಮುಚ್ಚುವ ಹೊತ್ತು. ಅವನು ಫೋನು ಹಿಡಿದು, ಸಾಬೂನಿನ ಪೆಟ್ಟಿಗೆಗಳ ಸಾಲಿನ ಹಿಂದೆ ಹೋಗಿ ನಿಂತ. ಮನೆಯವಳ ನಂಬರು ಒತ್ತಿದ.

"ಹೇಳು," ಎಂದಳು ಹೆಂಡತಿ. ಹಿಂದೆ ಕಪಾಟು ಮುಚ್ಚುವ ಸದ್ದು.

"ಬರೆದು ಕೊಟ್ಟೆಯಾ?"

"ಕಾಗದ ಮುಂದಿದೆ. ಬೇಡ ಅಂತ ಅರ್ಧ ಬರ್ದಿದ್ದೀನಿ. ನಿನ್ನ ಹೆಬ್ಬೆರಳು ನೋಡಿ."

"ಅದನ್ನ ಹರಿ."

ಆ ಕಡೆ ಪೆನ್ನು ಕೆಳಗಿಟ್ಟ ಸದ್ದು.

"ನಂಗೆ ಬರೋಕೆ ಭಯ," ಎಂದ ಅವನು. "ಅಲ್ಲೂ ಹಿಂಗೇ ಇದ್ಬಿಡ್ತೀನಿ ಅಂತ. ಇಲ್ಲಾದ್ರೆ ಇದು ಊರಿನ ತಪ್ಪು ಅಂದ್ಕೋಬಹುದು. ಅಲ್ಲೂ ಹಿಂಗೇ ಆದ್ರೆ ನಂದೇ ಅಂತ ಗೊತ್ತಾಗುತ್ತೆ."

ಬಹಳ ಹೊತ್ತು ಗಾಜಿನ ಸದ್ದೂ ಇಲ್ಲ.

"ಇದ್ದೀಯಾ?" ಎಂದು ಅವನೇ ಕೇಳಿದ.

"ಇದ್ದೀನಿ. ಕೂತ್ಕೊಂಡೆ." ಆಕೆಯ ದನಿ ಬೇರೆಯಾಗಿತ್ತು. "ಏನಾಯ್ತು ನಿಂಗೆ ಇವತ್ತು? ಏನಾದ್ರೂ ತಲೆ ಮೇಲೆ ಬಿತ್ತಾ?"

"ಕಾಲ ಮೇಲೆ. ಸಾಬೂನು. ಸುಟ್ಟಿಲ್ಲ."

"ಬರಲ್ಲ ಅಂತಾನಾ ಹಾಗಾದ್ರೆ?"

"ಗೊತ್ತಿಲ್ಲ. ನಿಜವಾಗ್ಲೂ ಗೊತ್ತಿಲ್ಲ, ಇದು ಹೂಂ ಅಲ್ಲ. ನೀನು ಒಪ್ಕೊಂಡೆ ಅಂತ ಬರಿ. ಮನೆ ನೋಡೋಕೆ ಯಾವಾಗ ಹೋಗ್ತೀಯಾ?"

"ಭಾನುವಾರ."

"ನಾನೂ ಬರ್ತೀನಿ. ಅದಕ್ಕಿಂತ ಮುಂದಿಂದು ಈಗ ಕೇಳ್ಬೇಡ."

ಕಾಗದ ಹರಿದ ಸದ್ದು ಕೇಳಿಸಿತು. ಉದ್ದಕ್ಕೆ, ಮತ್ತೆ ಅಡ್ಡಕ್ಕೆ.

"ಕೇಳಲ್ಲ," ಎಂದಳು ಆಕೆ. "ಭಾನುವಾರ ಬಸ್ಸಲ್ಲಿ ಕೇಳ್ತೀನಿ. ಕಿಟಕಿ ಸೀಟು ನಂದು."

ಅವನು ಹೂಂ ಎನ್ನಲು ಹೋಗಿ ತಡೆದು, "ಆಗ್ಲಿ, ನಿಂದೇ," ಎಂದ.

ಹಿಂತಿರುಗಿ ಬಂದಾಗ ಜನ ನೆಲ ಕೆರೆಯುತ್ತಿದ್ದರು. ಚೆಲ್ಲಿದ ಸಾಬೂನು ಆರಿ ಗಟ್ಟಿಯಾಗಿತ್ತು. ಗೋಡೆಯಿಂದ ಗೋಡೆಗೆ ಬಿಳಿ. ಪೆಟ್ಟಿಗೆಯ ಮುಂದೆ ಮಾತ್ರ ಶೂಗಳ ಆಕಾರದ ಎರಡು ಗುಳಿಗಳು ಅಚ್ಚುಕಟ್ಟಾಗಿ ಉಳಿದಿದ್ದವು. ಒಂದು ಹೆಜ್ಜೆ ಹಿಂದಿಲ್ಲ, ಒಂದು ಹೆಜ್ಜೆ ಮುಂದಿಲ್ಲ. ಎಲ್ಲಿಂದಲೂ ಬರದ, ಎಲ್ಲಿಗೂ ಹೋಗದ ಒಬ್ಬ ಅಲ್ಲಿ ನಿಂತಿದ್ದನೆಂದು ತೋರುತ್ತಿತ್ತು. ಅವನು ಈಗ ಅಲ್ಲಿಲ್ಲವೆಂದೂ ತೋರುತ್ತಿತ್ತು. ಗುಳಿಗಳ ತಳದಲ್ಲಿ ನೆಲದ ಕಪ್ಪು ಕಾಣುತ್ತಿತ್ತು.

"ಇದನ್ನ ಕೆರೀಲೋ ಬಿಡ್ಲೋ?" ಎಂದ ಮಾವ. "ಒಳ್ಳೆ ಗುರುತು ಬಿದ್ದಿದೆ."

ಅವನು ಬರಿಗಾಲಲ್ಲಿ ನಿಂತು ನೋಡಿದ. ನೆಲ ತಣ್ಣಗಿತ್ತು, ಜಾರುತ್ತಿತ್ತು. ಮಾವನ ಕೈಯಿಂದ ಸಲಿಕೆ ತೆಗೆದುಕೊಂಡ.

ಆ ದಿನ ಹೋದದ್ದು ಅರ್ಧ ಕಡಾಯಿ ಸಾಬೂನು, ಒಂದು ಜೊತೆ ಶೂ. ಸಿಕ್ಕಿದ್ದು ಒಂದು ಭಾನುವಾರ.